ನಂಬಿಕೆಗೆ ಒಗ್ಗದ ಹಾಡು ಕಿವಿಗೆ ಇಷ್ಟವಾದರೆ? ಹಾಸನ, ಚಿಕ್ಕಮಗಳೂರು ಕಡೆಯ ಕ್ರೈಸ್ತರು ಏನಂತೀರಿ?

ಕೀಬೋರ್ಡ್ ಹಾಸನ:

ಎಲ್ಲರಿಗೂ ನಮಸ್ಕಾರ. ಸುತ್ತಿ ಬಳಸಿ ಹೇಳದೆ ನೇರವಾಗಿ ಕೇಳುತ್ತೇನೆ.

ನಾನು ಕ್ಯಾಥೋಲಿಕ್. ಭಾನುವಾರದ ಪೂಜೆಗೆ ಚರ್ಚಿನ ಕ್ವೈರ್‌ನಲ್ಲಿ, ಅಂದರೆ ಹಾಡುವ ತಂಡದಲ್ಲಿ, ಕೀಬೋರ್ಡ್ ನುಡಿಸುತ್ತೇನೆ. ವಾರದ ಉಳಿದ ದಿನ ಕೇಳುವುದು ಹೆವಿ ಮೆಟಲ್, ಅಂದರೆ ಅಬ್ಬರದ ರಾಕ್ ಸಂಗೀತ. ಸ್ಲೇಯರ್, ಐರನ್ ಮೇಡನ್, ಬ್ಲ್ಯಾಕ್ ಸಬ್ಬತ್ ಥರದ ಬ್ಯಾಂಡ್‌ಗಳು. ಜೊತೆಗೆ ಬೀಟಲ್ಸ್‌ನ ಜಾನ್ ಲೆನನ್. ಸ್ಲೇಯರ್ 2001ರಲ್ಲಿ ತಂದ ಆಲ್ಬಮ್ಮಿನ ಹೆಸರೇ ‘ಗಾಡ್ ಹೇಟ್ಸ್ ಅಸ್ ಆಲ್’. ದೇವರು ನಮ್ಮನ್ನೆಲ್ಲ ದ್ವೇಷಿಸುತ್ತಾನೆ ಅಂತ. ಲೆನನ್ 1971ರ ‘ಇಮ್ಯಾಜಿನ್’ನಲ್ಲಿ ಸ್ವರ್ಗವೂ ಇಲ್ಲದ, ಧರ್ಮವೂ ಇಲ್ಲದ ಲೋಕವನ್ನು ಕಲ್ಪಿಸಿಕೊಳ್ಳಿ ಅನ್ನುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಆದರೆ ಆ ಪಿಯಾನೋ ಶುರುವಾದರೆ ಈಗಲೂ ಮೈ ಜುಮ್ ಅನ್ನುತ್ತದೆ.

ಇತ್ತೀಚೆಗೆ ಒಂದು ಯುವಜನರ ಶಿಬಿರದಲ್ಲಿ ಮಾತಾಡಲು ಬಂದವರು, ಇಂಥ ಹಾಡು ಕೇಳುವವರು ಪೂಜೆಗೆ ಸಂಗೀತ ನುಡಿಸಲೇಬಾರದು ಅಂದರು. ಎಲ್ಲರ ಮುಂದೆ ಅಂದರು. ಅವತ್ತಿನಿಂದ ಭಾನುವಾರ ಕೀಬೋರ್ಡ್ ಮುಂದೆ ಕೂತಾಗ ಕೈ ಹಿಂಜರಿಯುತ್ತದೆ.

‘ನಾನು ಮ್ಯೂಸಿಕ್ ಮಾತ್ರ ಕೇಳೋದು, ಮಾತಿನ ಕಡೆ ಗಮನ ಕೊಡಲ್ಲ’ ಅಂತ ಸುಮಾರು ಜನ ಹೇಳುತ್ತಾರೆ. ನನಗೆ ಆ ಉತ್ತರ ಸಾಕಾಗುವುದಿಲ್ಲ. ಮಾತು ಸಾಲು ಸಾಲಾಗಿ ಬಾಯಿಗೆ ಬರುತ್ತದಲ್ಲ. ನಂಬಿಕೆ ಇದ್ದೂ ಇಂಥ ಹಾಡು ಇಷ್ಟಪಡುವವರು ಇಲ್ಲಿ ಯಾರಾದರೂ ಇದ್ದೀರಾ? ಹೇಗೆ ನಿಭಾಯಿಸುತ್ತೀರಿ?

ಮಲ್ನಾಡ್ ಮೆಟಲ್:

ಗುರು, ಇದ್ದೇವೆ. ಕೀಬೋರ್ಡ್ ಮಾತ್ರ ಬಿಡಬೇಡ. ಸಂಜೆ ವಿವರವಾಗಿ ಬರೆಯುತ್ತೇನೆ.

ಅರಸೀಕೆರೆ ವಿಶ್ವಾಸಿ:

ಕರ್ತನಿಗೆ ಸ್ತೋತ್ರ. ತಮ್ಮಾ, ಕೇಳಿದ್ದೀಯ ಅಂತ ಹೇಳುತ್ತೇನೆ. ಫಿಲಿಪ್ಪಿಯವರಿಗೆ ಬರೆದ ಪತ್ರ, 4ನೇ ಅಧ್ಯಾಯ, 8ನೇ ವಚನ ತೆಗೆದು ಓದು. ಯಾವುದು ಸತ್ಯ, ಯಾವುದು ಶುದ್ಧ, ಅವುಗಳ ಮೇಲೆ ಮನಸ್ಸಿಡಿ ಅಂತ ಪೌಲ ಬರೆದಿದ್ದಾನೆ. ದೇವರು ದ್ವೇಷಿಸುತ್ತಾನೆ ಅನ್ನುವ ಹಾಡು ಇದರಲ್ಲಿ ಎಲ್ಲಿ ಬರುತ್ತದೆ?

ಹಾಡು ಅಂದರೆ ಸುಮ್ನೆ ಶಬ್ದ ಅಲ್ಲ. ಭಾಷಣ ಮರೆತುಹೋಗುತ್ತದೆ, ಹಾಡು ಮರೆಯುವುದಿಲ್ಲ. ಅದಕ್ಕೇ ಸಭೆಯಲ್ಲಿ ಹಾಡುತ್ತೇವೆ, ಅದಕ್ಕೇ ಮಕ್ಕಳಿಗೆ ವಚನವನ್ನು ಹಾಡು ಮಾಡಿ ಕಲಿಸುತ್ತೇವೆ. ಒಳ್ಳೆಯ ಮಾತು ಹಾಡಿನಿಂದ ಮನಸ್ಸಿಗೆ ಇಳಿಯುತ್ತದೆ ಅಂತ ನಂಬಿದ ಮೇಲೆ ಕೆಟ್ಟದ್ದು ಇಳಿಯುವುದಿಲ್ಲ ಅನ್ನುವುದು ಹೇಗೆ?

ಕೊಪ್ಪದ ಕಾಫಿ:

ಕೊನೆಯ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟ. ನಾನೂ ಮೆಟಲ್ ಕೇಳುವವನೇ, ಆದರೂ ಅವರು ಹೇಳಿದ್ದರಲ್ಲಿ ಹುರುಳಿದೆ.

ಮಲ್ನಾಡ್ ಮೆಟಲ್:

ಬಂದೆ. ಮೊದಲು ಸ್ವಲ್ಪ ವಿಷಯ ತಿಳಿದುಕೊಳ್ಳೋಣ. ಹೆಸರು ನೋಡಿ ಹೆದರುವವರೇ ಜಾಸ್ತಿ.

ಸ್ಲೇಯರ್‌ನಲ್ಲಿ ಹಾಡುವ ಟಾಮ್ ಅರಾಯಾ ಕ್ಯಾಥೋಲಿಕ್. ತಮಗೆ ನಂಬಿಕೆ ಇದೆ ಎಂದು ಸಂದರ್ಶನಗಳಲ್ಲಿ ನೇರವಾಗಿ ಹೇಳಿದ್ದಾರೆ. ಆ 2001ರ ಆಲ್ಬಮ್ಮಿನ ಮಾತುಗಳಲ್ಲಿ ಹೆಚ್ಚಿನವು ಗಿಟಾರಿಸ್ಟ್ ಕೆರ್ರಿ ಕಿಂಗ್ ಬರೆದವು, ಅವರಿಗೆ ನಂಬಿಕೆ ಇಲ್ಲ. ಇಬ್ಬರೂ ದಶಕಗಟ್ಟಲೆ ಒಂದೇ ವೇದಿಕೆಯಲ್ಲಿ ನಿಂತರು. ಬ್ಲ್ಯಾಕ್ ಸಬ್ಬತ್‌ಗೆ ಹೆಚ್ಚಿನ ಸಾಹಿತ್ಯ ಬರೆದ ಗೀಜರ್ ಬಟ್ಲರ್ ಐರಿಶ್ ಕ್ಯಾಥೋಲಿಕ್ ಮನೆಯಲ್ಲಿ ಬೆಳೆದವರು. ಅವರ 1971ರ ‘ಆಫ್ಟರ್ ಫಾರೆವರ್’ ಹಾಡು ದೇವರ ಪರವಾಗಿಯೇ ಮಾತಾಡುತ್ತದೆ. ಸೈತಾನನ ಬ್ಯಾಂಡ್ ಅಂತ ಬೈಯುವವರು ಅದನ್ನು ಒಮ್ಮೆ ಕೇಳಬೇಕು. ಐರನ್ ಮೇಡನ್‌ಗೆ ದಶಕಗಟ್ಟಲೆ ಡ್ರಮ್ಸ್ ನುಡಿಸಿದ ನಿಕೋ ಮೆಕ್‌ಬ್ರೇನ್ 1999ರಲ್ಲಿ ಕ್ರೈಸ್ತ ವಿಶ್ವಾಸಕ್ಕೆ ಬಂದರು. ಅದಕ್ಕಾಗಿ ಬ್ಯಾಂಡ್ ಬಿಡಲಿಲ್ಲ.

ನುಡಿಸುವವರೇ ಎರಡನ್ನೂ ಇಟ್ಟುಕೊಂಡು ಬದುಕುತ್ತಿದ್ದಾರೆ. ಕೇಳುವವನಿಗೆ ಅಷ್ಟೂ ಆಗುವುದಿಲ್ವಾ?

ಅರಸೀಕೆರೆ ವಿಶ್ವಾಸಿ:

ಬ್ರದರ್, ಇನ್ನೊಬ್ಬರು ಇದ್ದಾರಲ್ಲ, ಮೆಗಾಡೆತ್‌ನ ಡೇವ್ ಮಸ್ಟೇನ್. ಅವರನ್ನೂ ಹೇಳಿ. ಕ್ರೈಸ್ತರಾದ ಮೇಲೆ 2005ರಲ್ಲಿ ಕೆಲವು ಬ್ಯಾಂಡ್‌ಗಳ ಜೊತೆ ಒಂದೇ ಕಾರ್ಯಕ್ರಮದಲ್ಲಿ ನುಡಿಸುವುದಿಲ್ಲ ಅಂದರು. 1986ರಲ್ಲಿ ತಾವೇ ಬರೆದ, ಮಾಟದ ವಿಷಯ ಇರುವ ಹಾಡನ್ನು ಬಹಳ ವರ್ಷ ವೇದಿಕೆಯಲ್ಲಿ ನುಡಿಸಲಿಲ್ಲ. ಅಭಿಮಾನಿಗಳು ಕೇಳಿದರೂ ನುಡಿಸಲಿಲ್ಲ. ಬಿಡಬೇಕಾದ್ದು ಏನೋ ಇದೆ ಅಂತ ಅವರಿಗೇ ಅನ್ನಿಸಿತ್ತು ಅಲ್ವಾ?

ಮಲ್ನಾಡ್ ಮೆಟಲ್:

ನೀವು ಇಷ್ಟು ತಿಳಿದುಕೊಂಡಿರುವುದು ಖುಷಿ ಆಯಿತು ಅಂಕಲ್. ಅದೇ ಹಾಡನ್ನು 2018ರಲ್ಲಿ ಮತ್ತೆ ನುಡಿಸಿದರು, ಅದನ್ನೂ ಸೇರಿಸಿಕೊಳ್ಳಿ.

ಅರಸೀಕೆರೆ ವಿಶ್ವಾಸಿ:

ಮತ್ತೆ ನುಡಿಸಿದ್ದು ಸರಿ ಅಂತ ನಾನು ಹೇಳಿಲ್ಲ.

ಸಕಲೇಶಪುರ ಟೀಚರ್:

ಕೀಬೋರ್ಡ್ ಅವರೇ, ನಾನು ಇದನ್ನು ಬೇರೆ ಥರ ನೋಡುತ್ತೇನೆ. ದೇವರ ಮೇಲೆ ಸಿಟ್ಟು ಮಾಡುವ ಹಾಡು ಬೇರೆ. ದೇವರನ್ನು ಅಣಕಿಸುವ ಹಾಡು ಬೇರೆ.

ಸಿಟ್ಟಿನ ಹಾಡು ಬೈಬಲಿನಲ್ಲೇ ಇದೆ. 88ನೇ ಕೀರ್ತನೆ ಓದಿ ನೋಡಿ. ಬಹುತೇಕ ಕೀರ್ತನೆಗಳು ಎಷ್ಟೇ ಗೋಳಾಡಿದರೂ ಕೊನೆಗೆ ಸ್ತುತಿಗೆ ಬಂದು ನಿಲ್ಲುತ್ತವೆ. ಇದು ನಿಲ್ಲುವುದಿಲ್ಲ. ಕೊನೆಯ ಮಾತೇ ಕತ್ತಲು. ನನ್ನನ್ನು ಯಾಕೆ ತಳ್ಳಿಬಿಟ್ಟೆ, ಯಾಕೆ ಮುಖ ಮರೆಮಾಡಿಕೊಂಡೆ ಅಂತ ಕೇಳುತ್ತದೆ, ಉತ್ತರ ಬರುವುದೇ ಇಲ್ಲ. ಯೋಬ ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ಇವನ್ನೆಲ್ಲ ಕೈಬಿಡದೆ ಪವಿತ್ರ ಗ್ರಂಥದಲ್ಲಿ ಇಟ್ಟಿದ್ದಾರೆ.

ನನ್ನ ಅಪ್ಪ ತೀರಿಕೊಂಡ ವರ್ಷ ನನಗೆ ಚರ್ಚಿನ ಹಾಡು ಹಾಡಲು ಆಗುತ್ತಿರಲಿಲ್ಲ. ಎಲ್ಲವೂ ಸಂತೋಷದ ಹಾಡು. ನನ್ನ ಮನಸ್ಸಿನಲ್ಲಿ ಇದ್ದದ್ದನ್ನು ಹೇಳಿದ್ದು ಒಂದು ರಾಕ್ ಹಾಡು, ದೇವರೇ ಇಲ್ಲ ಅನ್ನುವವರು ಬರೆದದ್ದು. ಅದನ್ನು ಕೇಳುತ್ತಾ ಅತ್ತೆ. ನಂಬಿಕೆ ಹೋಗಲಿಲ್ಲ. ಆಮೇಲೆ ಪ್ರಾರ್ಥನೆ ಮಾಡಲು ದಾರಿ ಸಿಕ್ಕಿತು. ಇದನ್ನು ಯಾವ ಶಿಬಿರದಲ್ಲಿ ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಅರಸೀಕೆರೆ ವಿಶ್ವಾಸಿ:

ಟೀಚರಮ್ಮ, ನಿಮ್ಮ ನೋವಿಗೆ ಗೌರವ ಕೊಟ್ಟೇ ಹೇಳುತ್ತೇನೆ. ಯೋಬ ದೇವರ ಹತ್ತಿರ ಜಗಳ ಆಡಿದ. ಕೀರ್ತನೆಗಾರ ದೇವರಿಗೇ ‘ಯಾಕೆ’ ಅಂದ. ಈ ಹಾಡುಗಳು ದೇವರ ಹತ್ತಿರ ಮಾತಾಡುವುದಿಲ್ಲ, ಜನರ ಮುಂದೆ ದೇವರನ್ನು ದೂರುತ್ತವೆ. ಎರಡೂ ಒಂದೇ ಅಲ್ಲ.

ಸಕಲೇಶಪುರ ಟೀಚರ್:

ಹಾಡು ಯಾರಿಗೆ ಅಂತ ಬರೆದವರು ಒಂದು ಅಂದುಕೊಂಡಿರಬಹುದು. ಕೇಳುವಾಗ ಅದನ್ನು ನಾನು ಯಾರ ಮುಂದೆ ಇಡುತ್ತೇನೆ ಅನ್ನುವುದು ನನಗೆ ಬಿಟ್ಟದ್ದು. ಆದರೆ ನೀವು ಹೇಳಿದ ವ್ಯತ್ಯಾಸ ಇದೆ, ಒಪ್ಪುತ್ತೇನೆ.

ಹಳೇ ಕ್ಯಾಸೆಟ್ ಚಿಕ್ಕಮಗಳೂರು:

ಮಾರ್ಚ್ 2007ರಲ್ಲಿ ಬೆಂಗಳೂರು ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಾಗ ಇಲ್ಲಿಂದ ರಾತ್ರಿ ಬಸ್ಸಿಗೆ ಹೋಗಿದ್ದೆವು. ನಮ್ಮ ಗುಂಪಿನಲ್ಲಿ ಮೂರು ಜನ ಪೂಜೆಗೆ ತಪ್ಪದೆ ಹೋಗುವವರು. ಕುತ್ತಿಗೆಯಲ್ಲಿ ಶಿಲುಬೆ, ಮೈಮೇಲೆ ಮೇಡನ್ ಟೀ ಶರ್ಟ್. ಅವರ ಪ್ರಸಿದ್ಧ 1982ರ ಹಾಡು ‘ದ ನಂಬರ್ ಆಫ್ ದ ಬೀಸ್ಟ್’ ಶುರುವಾಗುವುದೇ ಬೈಬಲಿನ ಪ್ರಕಟನೆ ಗ್ರಂಥದ ಮಾತಿನಿಂದ. ಮೈದಾನದ ತುಂಬ ಜನ ಅದನ್ನು ಒಟ್ಟಿಗೆ ಹೇಳಿದರು. ಆ ಹಾಡಿರುವ ಆಲ್ಬಮ್ ಬಂದ ಕಾಲಕ್ಕೆ ಅಮೆರಿಕದಲ್ಲಿ ಅದರ ವಿರುದ್ಧ ಕ್ರೈಸ್ತ ಗುಂಪುಗಳು ಪ್ರತಿಭಟನೆ ಮಾಡಿದ್ದವು. 1966ರಲ್ಲಿ ಲೆನನ್ ತಮ್ಮ ಬ್ಯಾಂಡ್ ಯೇಸುವಿಗಿಂತ ಜನಪ್ರಿಯ ಅಂದಿದ್ದಕ್ಕೆ ಬೀಟಲ್ಸ್ ರೆಕಾರ್ಡ್‌ಗಳನ್ನು ಬೆಂಕಿಗೆ ಹಾಕಿದ್ದರಲ್ಲ, ಅದೇ ಥರ.

ಅಲ್ಲಿಂದ ಬಂದ ನಾವು ಯಾರೂ ಸೈತಾನನ ಭಕ್ತರಾಗಲಿಲ್ಲ. ಒಬ್ಬ ಈಗ ತೋಟ ನೋಡಿಕೊಳ್ಳುತ್ತಾನೆ, ಚರ್ಚ್ ಕಮಿಟಿಯಲ್ಲೂ ಇದ್ದಾನೆ.

ಡಬಲ್ ಬೇಸ್:

ನಾನು ಮೆಟಲ್ ಕೇಳುವವನು, ಡ್ರಮ್ಸ್ ನುಡಿಸುವವನು. ಆದರೂ ಒಂದು ಗೆರೆ ಹಾಕಿಕೊಂಡಿದ್ದೇನೆ. ನಾರ್ವೆಯ ಬ್ಲ್ಯಾಕ್ ಮೆಟಲ್. 1992ರಲ್ಲಿ ಬರ್ಗನ್ ಹತ್ತಿರದ ಫಾಂಟಾಫ್ಟ್‌ನಲ್ಲಿ ಹಳೆಯ ಮರದ ಚರ್ಚ್ ಸುಟ್ಟು ಬೂದಿಯಾಯಿತು. ಬರ್ಜಮ್ ಅನ್ನುವ ಹೆಸರಿನಲ್ಲಿ ಒಬ್ಬನೇ ಹಾಡು ಮಾಡುತ್ತಿದ್ದ ವಾರ್ಗ್ ವಿಕರ್ನೆಸ್ ಮರುವರ್ಷ ಆ ಸುಟ್ಟ ಚರ್ಚಿನ ಫೋಟೋವನ್ನೇ ಆಲ್ಬಮ್ಮಿನ ಮುಖಪುಟಕ್ಕೆ ಹಾಕಿದ. 1994ರಲ್ಲಿ ಅವನಿಗೆ ಕೊಲೆ ಮತ್ತು ಚರ್ಚ್ ಸುಟ್ಟಿದ್ದಕ್ಕೆ 21 ವರ್ಷ ಶಿಕ್ಷೆ ಆಯಿತು.

ಅದರ ಗಿಟಾರ್ ಕೇಳಲು ಚೆನ್ನಾಗಿದೆ. ನಾನು ಕೇಳುವುದಿಲ್ಲ. ಅದು ಬರೀ ಮಾತಾಗಿ ಉಳಿಯಲಿಲ್ಲ. ಯಾರದೋ ಊರಿನ ಚರ್ಚ್ ಹೋಯಿತು.

ಮಲ್ನಾಡ್ ಮೆಟಲ್:

ಒಂದು ತಿದ್ದುಪಡಿ. ಫಾಂಟಾಫ್ಟ್ ಪ್ರಕರಣದಲ್ಲಿ ಅವನ ಮೇಲೆ ಆರೋಪ ಸಾಬೀತಾಗಲಿಲ್ಲ. ಶಿಕ್ಷೆ ಆದದ್ದು ಬೇರೆ ಚರ್ಚುಗಳಿಗೆ ಬೆಂಕಿ ಹಚ್ಚಿದ್ದಕ್ಕೆ. ಫಾಂಟಾಫ್ಟ್ ಚರ್ಚನ್ನು ಆಮೇಲೆ ಮತ್ತೆ ಕಟ್ಟಿದ್ದಾರೆ. ಆದರೆ ನಿಮ್ಮ ಗೆರೆ ಸರಿ. ನಾನೂ ಅದನ್ನು ಕೇಳುವುದು ಬಿಟ್ಟಿದ್ದೇನೆ.

ಡಬಲ್ ಬೇಸ್:

ಸರಿ, ಥ್ಯಾಂಕ್ಸ್.

ಬೇಲೂರು ರೋಡ್:

ಮರದ ಚರ್ಚ್ ಅಂದಾಗ ನೆನಪಾಯಿತು. ನಮ್ಮ ಶೆಟ್ಟಿಹಳ್ಳಿ ಚರ್ಚಿನಲ್ಲಿ ಯಾರೋ ರಾಕ್ ವಿಡಿಯೋ ಶೂಟ್ ಮಾಡುತ್ತಿದ್ದರು, ಹೋದ ಬೇಸಿಗೆಯಲ್ಲಿ ನೋಡಿದೆ. ಗೋಡೆ ಮೇಲೆಲ್ಲ ಹೆಸರು ಕೆತ್ತಿದ್ದಾರೆ. ಅದಕ್ಕೆ ಯಾರೂ ಏನೂ ಹೇಳುವುದಿಲ್ವಾ?

ಸಂಡೇ ಸ್ಕೂಲ್ ಅಕ್ಕ:

ಅಯ್ಯೋ ಹೌದು. ಅದು 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಊರು ಖಾಲಿ ಆಯಿತು. ಮಳೆಗಾಲದಲ್ಲಿ ಅರ್ಧ ನೀರಲ್ಲಿ, ಬೇಸಿಗೆಯಲ್ಲಿ ಪ್ರವಾಸಿಗಳ ಕಾಲಡಿಯಲ್ಲಿ. ಚಾವಣಿ ಇಲ್ಲ ಅಂದಮಾತ್ರಕ್ಕೆ ಅದು ಸಿನಿಮಾ ಸೆಟ್ ಅಲ್ಲ. ಅಲ್ಲಿ ಜನ ಮದುವೆ ಆಗಿದ್ದಾರೆ, ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿದ್ದಾರೆ.

ಹಳೇ ಕ್ಯಾಸೆಟ್ ಚಿಕ್ಕಮಗಳೂರು:

ವಿಷಯ ಬೇರೆ ಕಡೆ ಹೋಗುತ್ತಿದೆ. ಆದರೂ ಗೋಡೆ ಕೆತ್ತುವವರನ್ನು ತಡೆಯಬೇಕು, ನಿಜ.

ಕೊಪ್ಪದ ಕಾಫಿ:

ವಾಪಸ್ ಬರೋಣ. ಒಂದು ಮಾತು ಕೇಳಲಾ? ನಮ್ಮ ಊರುಗಳಲ್ಲಿ ಸ್ಲೇಯರ್ ಕೇಳುವವರು ಎಷ್ಟು ಜನ ಇದ್ದಾರು. ನಮ್ಮಲ್ಲಿ ನಂಬಿಕೆಗೆ ಹೊರಗಿನ ಹಾಡು ಅಂದರೆ ಪುರಂದರದಾಸರ ಪದ, ಗಣಪತಿ ಹಾಡು, ಆಕಾಶವಾಣಿಯ ಬೆಳಗಿನ ಭಕ್ತಿಗೀತೆ. ನನ್ನ ಅಮ್ಮ ಜಪಸರ ಮುಗಿಸಿ, ಅಕ್ಕಿ ರೊಟ್ಟಿ ತಟ್ಟುತ್ತಾ ದಾಸರ ಪದ ಗುನುಗುತ್ತಾರೆ. ಇಡೀ ಪದ ಬಾಯಿಗೆ ಬರುತ್ತದೆ. ಅದರ ಬಗ್ಗೆ ಯಾರೂ ಮಾತೇ ಆಡುವುದಿಲ್ಲ.

ರಿದಂ ಪ್ಯಾಡ್:

ನಾನು ಮಾತಾಡುತ್ತೇನೆ, ಅದು ನನ್ನ ಹೊಟ್ಟೆಪಾಡು.

ನಾನು ಹಾಸನದವನು, ಆರ್ಕೆಸ್ಟ್ರಾದಲ್ಲಿ ಪ್ಯಾಡ್ ನುಡಿಸುತ್ತೇನೆ. ಪ್ರಾಟೆಸ್ಟಂಟ್. ನಮ್ಮ ಸೀಸನ್ ಅಂದರೆ ಗಣೇಶನ ಹಬ್ಬದಿಂದ ರಾಜ್ಯೋತ್ಸವ ಮುಗಿಯುವವರೆಗೆ. ಪೆಂಡಾಲ್ ಯಾವುದೇ ಇರಲಿ, ಪಟ್ಟಿ ಒಂದೇ. ಮೊದಲು ಎರಡು ಗಣಪತಿ ಹಾಡು. ಆಮೇಲೆ ರಾಜ್‌ಕುಮಾರ್ ಹಾಡು, ಮಧ್ಯದಲ್ಲಿ ಹೊಸ ಸಿನಿಮಾ, ಕೊನೆಗೆ ಕುಣಿಯುವ ಹಾಡು. ಆ ಮೊದಲ ಎರಡಕ್ಕೆ ಪ್ಯಾಡಿನಲ್ಲಿ ತಮಟೆ, ಗಂಟೆ, ತಾಳ ಎಲ್ಲ ಬೇರೆ ಬೇರೆ ಚೌಕಕ್ಕೆ ಹಾಕಿ ಇಟ್ಟುಕೊಂಡಿದ್ದೇನೆ. ಎಡಗಡೆ ಮೇಲಿನದು ಗಂಟೆ. ಅದನ್ನು ಮಂಗಳಾರತಿಯ ಹೊತ್ತಿಗೆ ಸರಿಯಾಗಿ ಹೊಡೆಯಬೇಕು. ಒಂದು ಏಟು ತಪ್ಪಿದರೂ ಮುಂದೆ ಕೂತ ಅಜ್ಜಿಯರಿಗೆ ಗೊತ್ತಾಗುತ್ತದೆ.

ನನಗೆ ಆ ಹಾಡು ಇಷ್ಟ. ತಾಳ ಇಷ್ಟ. ಜನ ಎದ್ದು ಕೈ ಮುಗಿಯುವಾಗ ಅವರ ಮುಖ ನೋಡುವುದು ಇಷ್ಟ. ನಾನು ಕೈ ಮುಗಿಯುವುದಿಲ್ಲ, ಕೈಯಲ್ಲಿ ಕೋಲು ಇರುತ್ತದೆ. ಪ್ರಸಾದ ಕೊಟ್ಟರೆ ತೆಗೆದುಕೊಂಡು ನಮ್ಮ ಲೈಟ್ ಹುಡುಗನಿಗೆ ಕೊಡುತ್ತೇನೆ. ಯಾರೂ ಬೇಜಾರು ಮಾಡಿಕೊಂಡಿಲ್ಲ. ಇದನ್ನು ಬಿಡು ಅಂತ ಹೇಳುವವರು ನನ್ನ ಮನೆ ಬಾಡಿಗೆ ಬಗ್ಗೆಯೂ ಒಂದು ಮಾತು ಹೇಳಬೇಕು.

ಅರಸೀಕೆರೆ ವಿಶ್ವಾಸಿ:

ಬ್ರದರ್, ನಿಮ್ಮ ಕಷ್ಟ ಅರ್ಥ ಆಗುತ್ತದೆ. ಆದರೆ ನಮ್ಮ ಸಭೆಯಲ್ಲಿ ಒಬ್ಬರು ಇದೇ ಕೆಲಸ ಬಿಟ್ಟು ಈಗ ಮೊಬೈಲ್ ರಿಪೇರಿ ಮಾಡುತ್ತಾರೆ. ಬಿಡುವುದು ಸಾಧ್ಯ.

ರಿದಂ ಪ್ಯಾಡ್:

ಸಾಧ್ಯ ಇರಬಹುದು. ನಾನು ಸಂಗೀತಗಾರ ಅಂಕಲ್. ಮೊಬೈಲ್ ರಿಪೇರಿ ನನಗೆ ಬರುವುದಿಲ್ಲ, ಬೇಕಾಗಿಯೂ ಇಲ್ಲ.

ಬಾಳೆಹೊನ್ನೂರು:

ಯೇಸುದಾಸ್ ಇದ್ದಾರಲ್ಲ ಮಾರಾಯ್ರೆ! ಫೋರ್ಟ್ ಕೊಚ್ಚಿಯ ಕ್ಯಾಥೋಲಿಕ್ ಮನೆಯಲ್ಲಿ ಹುಟ್ಟಿದವರು, ಚೆಂಬೈ ವೈದ್ಯನಾಥ ಭಾಗವತರ ಶಿಷ್ಯರು. ಶಬರಿಮಲೆಯಲ್ಲಿ ರಾತ್ರಿ ಬಾಗಿಲು ಹಾಕುವಾಗ ಕೇಳಿಸುವುದು ಅವರದೇ ದನಿ. ಹುಟ್ಟುಹಬ್ಬಕ್ಕೆ ನಮ್ಮ ಕೊಲ್ಲೂರಿಗೆ ಬಂದು ಮೂಕಾಂಬಿಕೆಯ ಮುಂದೆ ಹಾಡುತ್ತಿದ್ದರು. ಅವರಿಗಿಂತ ದೊಡ್ಡ ಉದಾಹರಣೆ ಬೇಕಾ?

ಸಂಡೇ ಸ್ಕೂಲ್ ಅಕ್ಕ:

ಅವರನ್ನು ಗುರುವಾಯೂರು ದೇವಸ್ಥಾನದ ಒಳಗೆ ಬಿಡಲಿಲ್ಲ ಅನ್ನುವುದನ್ನೂ ಹೇಳಿ. ಹಾಡು ಒಳಗೆ ಹೋಯಿತು, ಹಾಡಿದವರು ಹೊರಗೆ. ನನಗೆ ಅದು ಇವತ್ತಿಗೂ ನೋವು.

ನಾನು ಬರೆಯಲು ಬಂದದ್ದು ಬೇರೆ. ಕೊಪ್ಪದವರ ಅಮ್ಮ ದಾಸರ ಪದ ಗುನುಗುತ್ತಾರೆ ಅಂದರಲ್ಲ. ದಾಸರ ಪದಗಳನ್ನು ಮೊದಲು ಪುಸ್ತಕವಾಗಿ ಅಚ್ಚು ಹಾಕಿಸಿದವರಲ್ಲಿ ಒಬ್ಬರು ಹೆರ್ಮನ್ ಮೊಗ್ಲಿಂಗ್. ಬಾಸೆಲ್ ಮಿಷನ್ನಿನ ಪಾದ್ರಿ. 1843ರಲ್ಲಿ ‘ಮಂಗಳೂರು ಸಮಾಚಾರ’ ಪತ್ರಿಕೆ ತಂದವರು ಅವರೇ. 1850ರಲ್ಲಿ ದಾಸರ ಪದಗಳ ಸಂಗ್ರಹ ಬಂತು. ಬಸವ ಪುರಾಣ, ಜೈಮಿನಿ ಭಾರತವನ್ನೂ ಅಚ್ಚು ಮಾಡಿಸಿದರು. ಜರ್ಮನಿಯಿಂದ ಸುವಾರ್ತೆ ಸಾರಲು ಬಂದವರಿಗೆ ದಾಸರ ಪದ ಮುಟ್ಟಲು ಭಯ ಇರಲಿಲ್ಲ.

ಇನ್ನೊಂದು ಇದರ ತಿರುವುಮುರುವು. ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಚರ್ಚುಗಳಲ್ಲಿ ಸಕಲ ಸಂತರ ದಿನಕ್ಕೆ ಹಾಡುವ ಇಂಗ್ಲಿಷ್ ಹಾಡಿನ ಧಾಟಿ ಮಾಡಿದವರು ವಾನ್ ವಿಲಿಯಮ್ಸ್. ಇಂಗ್ಲೆಂಡಿನಲ್ಲಿ 1906ರಲ್ಲಿ ಬಂದ ದೊಡ್ಡ ಹಾಡಿನ ಪುಸ್ತಕಕ್ಕೆ ಸಂಗೀತ ಸಂಪಾದಕರಾಗಿದ್ದವರು. ಅವರಿಗೆ ನಮ್ಮ ನಂಬಿಕೆ ಇರಲಿಲ್ಲ. ಆ ಧಾಟಿ ಕೇಳಿ ಎಷ್ಟು ಸಲ ನನ್ನ ಕಣ್ಣು ತುಂಬಿದೆ! ನಂಬದವರು ಮಾಡಿದ ಧಾಟಿ ಚರ್ಚಿನ ಒಳಗೆ ಇರಬಹುದಾದರೆ, ನಂಬುವವರ ಕಿವಿ ಚರ್ಚಿನ ಹೊರಗೆ ಹೋಗಬಾರದಾ?

ಅರಸೀಕೆರೆ ವಿಶ್ವಾಸಿ:

ಅಕ್ಕ, ಮೊಗ್ಲಿಂಗ್ ಅದನ್ನು ಅಚ್ಚು ಹಾಕಿಸಿದ್ದು ಇಲ್ಲಿನ ಜನರನ್ನು, ಭಾಷೆಯನ್ನು ಅರ್ಥ ಮಾಡಿಕೊಳ್ಳಲು. ಬಂದ ಉದ್ದೇಶ ಅವರು ಮರೆಯಲಿಲ್ಲ. ಅದನ್ನು ಮನರಂಜನೆಗೆ ಸಮ ಮಾಡಬಾರದು.

ಸಂಡೇ ಸ್ಕೂಲ್ ಅಕ್ಕ:

ಉದ್ದೇಶ ಅದೇ, ಸರಿ. ಆದರೆ ಇಷ್ಟವಿಲ್ಲದೆ ಅಷ್ಟು ಕೆಲಸ ಯಾರೂ ಮಾಡುವುದಿಲ್ಲ. ಮುಟ್ಟಬಾರದ್ದು ಅಂತ ಅಂದುಕೊಂಡಿದ್ದರೆ ಇನ್ನೊಬ್ಬರ ಮನೆಗೆ ತಲುಪಲಿ ಅಂತ ಅಚ್ಚು ಹಾಕಿಸುತ್ತಿರಲಿಲ್ಲ.

ಮೂಡಿಗೆರೆ ಬಾಯಿ:

ನಾನು ಕೊಂಕಣಿ ಮಾತಾಡುವವಳು, ಎಸ್ಟೇಟಿನಲ್ಲೇ ಬೆಳೆದವಳು. ನಮ್ಮಲ್ಲಿ ಮದುವೆಯ ಹಿಂದಿನ ದಿನ ರೋಸ್ ಹಾಕುತ್ತಾರೆ. ತೆಂಗಿನ ಹಾಲು ಹಚ್ಚುವಾಗ ಹೆಂಗಸರು ವೊವಿಯೊ ಹಾಡುತ್ತಾರೆ. ನಾನೂ ಹಾಡುತ್ತೇನೆ. ಶುರುವಿನಲ್ಲಿ ಶಿಲುಬೆ ಗುರುತು, ಆಮೇಲೆ ಹಾಡು. ಆ ಧಾಟಿ ನಮ್ಮ ಹಿರಿಯರು ಕ್ರೈಸ್ತರಾಗುವ ಮುಂಚಿನದು.

1736ರಲ್ಲಿ ಗೋವಾದ ಇನ್‌ಕ್ವಿಸಿಷನ್, ಅಂದರೆ ನಂಬಿಕೆ ತಪ್ಪಿದವರನ್ನು ವಿಚಾರಿಸುತ್ತಿದ್ದ ಚರ್ಚಿನ ನ್ಯಾಯಾಲಯ, ಮದುವೆಗಳಲ್ಲಿ ಇವನ್ನೆಲ್ಲ ಹಾಡಬಾರದು, ಊರಿನ ವಾದ್ಯ ನುಡಿಸಬಾರದು ಅಂತ ಆಜ್ಞೆ ಹೊರಡಿಸಿತ್ತು. ಹಿಂದೂಗಳ ಹಾಗೆ ಕಾಣುತ್ತದೆ ಅಂತ. ಆಜ್ಞೆ ಹೋಯಿತು, ವೊವಿಯೊ ಉಳಿದವು. ಈಗ ಅದೇ ಹಾಡನ್ನು ನಮ್ಮ ಸಂಸ್ಕೃತಿ ಅಂತ ಗುರುಗಳೇ ಹೇಳಿ ಹಾಡಿಸುತ್ತಾರೆ. ಇವತ್ತು ಬೇಡ ಅಂದದ್ದು ನಾಳೆ ಬೇಕಾಗಬಹುದು ಪುತಾ. ಕೀಬೋರ್ಡ್ ಬಿಡಬೇಡ.

ಡಬಲ್ ಬೇಸ್:

ಬಾಯಮ್ಮ, ಆ ವೊವಿಯೊ ರೆಕಾರ್ಡ್ ಮಾಡಿ ಇಡಿ ದಯವಿಟ್ಟು. ನಮ್ಮ ಕಡೆ ಈಗ ರೋಸ್‌ಗೆ ಡಿಜೆ ಹಾಕುತ್ತಾರೆ.

ಮೂಡಿಗೆರೆ ಬಾಯಿ:

ಮೊಮ್ಮಗಳಿಗೆ ಹೇಳಿದ್ದೇನೆ, ಮಾಡುತ್ತಾಳೆ.

ಸಕಲೇಶಪುರ ಟೀಚರ್:

ಪೌಲನ ಹೆಸರು ಮೊದಲೇ ಬಂತು. ಅವನನ್ನು ಪೂರ್ತಿ ನೋಡೋಣ. ಅಥೇನೆಯಲ್ಲಿ ಮಾತಾಡುವಾಗ ‘ನಾವು ಆತನ ಸಂತಾನ’ ಅಂತ ನಿಮ್ಮ ಕವಿಗಳೇ ಹೇಳಿದ್ದಾರಲ್ಲ ಅಂದ. ಅಪೊಸ್ತಲರ ಕೃತ್ಯಗಳು 17ನೇ ಅಧ್ಯಾಯ. ಆ ಸಾಲು ಅರಾಟಸ್ ಅನ್ನುವ ಗ್ರೀಕ್ ಕವಿಯದು. ಆ ಕವನ ಶುರುವಾಗುವುದೇ ಸ್ಯೂಸ್ ದೇವರ ಹೊಗಳಿಕೆಯಿಂದ. ಅಂದರೆ ಪೌಲ ಅದನ್ನು ಎಲ್ಲೋ ಓದಿದ್ದ, ಕೇಳಿದ್ದ, ಮನಸ್ಸಿನಲ್ಲಿ ಇಟ್ಟುಕೊಂಡಿದ್ದ. ಬೇಕಾದಾಗ ಬಾಯಿಗೆ ಬಂತು.

ಆದರೆ ಅದೇ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 8ನೇ ಅಧ್ಯಾಯದಲ್ಲಿ ಇನ್ನೊಂದು ಮಾತು ಹೇಳುತ್ತಾನೆ. ವಿಗ್ರಹಕ್ಕೆ ಇಟ್ಟದ್ದನ್ನು ತಿಂದರೆ ನಿನಗೆ ಏನೂ ಆಗುವುದಿಲ್ಲ. ಆದರೆ ನೀನು ತಿನ್ನುವುದನ್ನು ನೋಡಿ ಇನ್ನೊಬ್ಬನ ಮನಸ್ಸು ಕೆಡುವುದಾದರೆ ಬಿಡು. ನಾನು ಹಾಡಿಗೆ ಇದನ್ನೇ ಅಳತೆ ಮಾಡಿಕೊಂಡಿದ್ದೇನೆ. ಹೆಡ್‌ಫೋನ್‌ನಲ್ಲಿ ಏನು ಕೇಳುತ್ತೇನೆ ಅನ್ನುವುದು ನನ್ನ, ದೇವರ ಮಧ್ಯದ ವಿಷಯ. ಕ್ವೈರ್ ಮಕ್ಕಳ ಮುಂದೆ ಏನು ಹಾಕುತ್ತೇನೆ ಅನ್ನುವುದು ಬೇರೆ ವಿಷಯ.

ಅರಸೀಕೆರೆ ವಿಶ್ವಾಸಿ:

ಈ ಎರಡನೇ ಮಾತಿಗೆ ಆಮೆನ್.

ಸೆಮಿನರಿಯಲ್ಲಿದ್ದವನು:

ತಡವಾಗಿ ಬಂದೆ. ಎಲ್ಲರೂ ಹೊರಗಿನ ಹಾಡಿನ ಬಗ್ಗೆಯೇ ಮಾತಾಡುತ್ತಿದ್ದೀರಿ. ಸಂತ ಅಗಸ್ಟೀನರಿಗೆ ಚರ್ಚಿನ ಒಳಗಿನ ಹಾಡಿನ ಬಗ್ಗೆಯೇ ಅನುಮಾನ ಇತ್ತು. ತಮ್ಮ ಆತ್ಮಕಥೆ ‘ಕನ್ಫೆಷನ್ಸ್’ನ ಹತ್ತನೇ ಭಾಗದಲ್ಲಿ ಬರೆಯುತ್ತಾರೆ. ಹಾಡಿನ ಅರ್ಥಕ್ಕಿಂತ ಹಾಡಿದ ದನಿಯೇ ನನ್ನನ್ನು ಹೆಚ್ಚು ಅಲುಗಾಡಿಸಿದರೆ ಅದು ಪಾಪ, ಅಂಥ ಹೊತ್ತಿನಲ್ಲಿ ಹಾಡು ಕೇಳದೇ ಇರುವುದೇ ಮೇಲು ಅನ್ನಿಸುತ್ತದೆ ಅಂತ. ಅದೇ ಹೊತ್ತಿಗೆ, ವಿಶ್ವಾಸಕ್ಕೆ ಬಂದ ಹೊಸದರಲ್ಲಿ ಚರ್ಚಿನ ಹಾಡು ಕೇಳಿ ಅತ್ತದ್ದನ್ನೂ ನೆನೆಯುತ್ತಾರೆ. ಕೊನೆಗೆ ಚರ್ಚಿನಲ್ಲಿ ಹಾಡು ಇರಲಿ ಅನ್ನುವ ಕಡೆಗೇ ವಾಲುತ್ತಾರೆ, ಪೂರ್ತಿ ತೀರ್ಮಾನ ಅಲ್ಲ ಅಂತ ಹೇಳಿಯೇ.

ನನಗೆ ಇದು ಬಹಳ ಮುಖ್ಯ. ಸ್ಲೇಯರ್ ಕೇಳುವಾಗ ಅದು ಹೇಳುವುದು ಸುಳ್ಳು ಅಂತ ಕೀಬೋರ್ಡ್ ಅವರಿಗೆ ಗೊತ್ತಿರುತ್ತದೆ, ಮನಸ್ಸು ಎಚ್ಚರವಾಗಿರುತ್ತದೆ. ಪೂಜೆಯಲ್ಲಿ ಕಾಣಿಕೆ ಗೀತೆಗೆ ಚೆಂದದ ತಂತಿವಾದ್ಯದ ಟೋನ್ ಹಾಕಿ, ಎಲ್ಲರೂ ಹಿಂದೆ ತಿರುಗಿ ನೋಡಲಿ ಅಂತ ನುಡಿಸುವಾಗ ಮನಸ್ಸು ಎಲ್ಲಿರುತ್ತದೆ? ನಾನು ಕ್ವೈರ್ ನಡೆಸಿದವನು, ನೋಡಿದ್ದೇನೆ. ಎಷ್ಟೋ ಸಲ ಹಾಡಿನ ಮಾತು ಶುದ್ಧವಾಗಿತ್ತು, ನುಡಿಸಿದವರ ಗಮನ ಬೇರೆ ಕಡೆ ಇತ್ತು. ಆಮೋಸನ ಗ್ರಂಥದಲ್ಲಿ ದೇವರು ನಿಮ್ಮ ಹಾಡಿನ ಗದ್ದಲ ನನಗೆ ಬೇಡ ಅನ್ನುತ್ತಾನಲ್ಲ, ಅದು ದೇವರ ಸ್ತುತಿಯ ಹಾಡಿಗೇ ಅಂದ ಮಾತು.

ಕ್ಯಾಥೋಲಿಕ್ ಬಿಷಪ್‌ಗಳೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಸಭೆ 1965ರಲ್ಲೇ ಬೇರೆ ಧರ್ಮಗಳಲ್ಲಿ ಸತ್ಯವಾದದ್ದು, ಪವಿತ್ರವಾದದ್ದು ಏನಿದೆಯೋ ಅದನ್ನು ಚರ್ಚ್ ತಳ್ಳಿಹಾಕುವುದಿಲ್ಲ ಅಂತ ಬರೆಯಿತು. ದಾಸರ ಪದ ಗುನುಗುವ ಕೊಪ್ಪದ ಅಮ್ಮನಿಗೆ ನಾನು ಅಷ್ಟೇ ಹೇಳುತ್ತೇನೆ.

ಹಳೇ ಕ್ಯಾಸೆಟ್ ಚಿಕ್ಕಮಗಳೂರು:

ಸರ್, ಕಾಣಿಕೆ ಗೀತೆಯ ಮಾತು ಚುರುಕ್ ಅಂತು. ನಮ್ಮ ಕ್ವೈರ್‌ಗೂ ಓದಿ ಹೇಳುತ್ತೇನೆ.

ಕೀಬೋರ್ಡ್ ಹಾಸನ:

ಎಲ್ಲರ ಮಾತನ್ನೂ ಓದಿದೆ. ಟೀಚರ್ ಹೇಳಿದ ಸಿಟ್ಟು ಮತ್ತು ಅಣಕದ ವ್ಯತ್ಯಾಸ ನನಗೆ ಬಹಳ ಉಪಯೋಗ ಆಯಿತು. ನನ್ನ ಪಟ್ಟಿಯನ್ನು ಅದೇ ಕಣ್ಣಿನಲ್ಲಿ ಮತ್ತೆ ನೋಡುತ್ತಿದ್ದೇನೆ. ಕೆಲವು ಹಾಡು ಹೋಗುತ್ತವೆ. ಲೆನನ್ ಇರುತ್ತಾರೆ. ನನ್ನ ನಂಬಿಕೆಯನ್ನು ಪ್ರಶ್ನೆ ಮಾಡುವ ಹಾಡು ನನಗೆ ಬೇಕು, ಅದಿಲ್ಲದೆ ನಾನು ಯಾಕೆ ನಂಬುತ್ತೇನೆ ಅಂತ ಯೋಚಿಸುವುದೇ ಇಲ್ಲ. ಕ್ವೈರ್ ಮಕ್ಕಳ ಮುಂದೆ ಹಾಕುವುದಿಲ್ಲ. ಈ ವಾರ ಫಾದರ್ ಹತ್ತಿರ ಎಲ್ಲವನ್ನೂ ಹೇಳಿ, ಅವರು ಬೇಡ ಅನ್ನದಿದ್ದರೆ ಭಾನುವಾರ ನುಡಿಸುತ್ತೇನೆ.

ಅರಸೀಕೆರೆ ವಿಶ್ವಾಸಿ:

ತಮ್ಮಾ, ನಾನು ಲೆನನ್ ವಿಷಯದಲ್ಲಿ ಒಪ್ಪಿಲ್ಲ. ಆದರೆ ಎಲ್ಲರ ಮುಂದೆ ನಿನ್ನನ್ನು ಹಾಗೆ ಅಂದದ್ದು ತಪ್ಪು. ಒಬ್ಬನೇ ಇರುವಾಗ ಕರೆದು ಹೇಳಬೇಕಿತ್ತು. ನಿನಗಾಗಿ ಪ್ರಾರ್ಥನೆ ಮಾಡುತ್ತೇನೆ.

ರಿದಂ ಪ್ಯಾಡ್:

ಕೀಬೋರ್ಡ್ ಬ್ರದರ್, ಒಂದು ಕೆಲಸದ ಮಾತು. ದೀಪಾವಳಿ ಹೊತ್ತಿಗೆ ಹಾಸನಾಂಬೆಯ ಬಾಗಿಲು ತೆಗೆದಾಗ ನಮಗೆ ಇಲ್ಲಿ ಕಾರ್ಯಕ್ರಮ ಇರುತ್ತದೆ. ನಮ್ಮ ಕೀಬೋರ್ಡಿನವರು ಊರಲ್ಲಿ ಇರುವುದಿಲ್ಲ. ಬರುತ್ತೀರಾ? ಇನ್ನೊಂದು ಸ್ವಲ್ಪ ಜನರ ಹತ್ತಿರ ವಿಚಾರಿಸುವ ಮುಂಚೆ ನಿಮ್ಮನ್ನು ಕೇಳುತ್ತಿದ್ದೇನೆ.

ಕೀಬೋರ್ಡ್ ಹಾಸನ:

ಸಿನಿಮಾ ಹಾಡಿಗೆ ಖಂಡಿತ ಬರುತ್ತೇನೆ ಅಣ್ಣ. ಶುರುವಿನ ದೇವಿ ಹಾಡುಗಳಿಗೆ ಬೇರೆಯವರು ಇದ್ದರೆ ಒಳ್ಳೆಯದು.

ಕೊಪ್ಪದ ಕಾಫಿ:

ಸ್ವಲ್ಪ ತಡೀರಿ. ದೇವರು ದ್ವೇಷಿಸುತ್ತಾನೆ ಅನ್ನುವ ಹಾಡನ್ನು ಕೇಳಬಹುದು, ಪಕ್ಕದ ಮನೆಯವರು ಭಕ್ತಿಯಿಂದ ಹಾಡುವ ಹಾಡಿಗೆ ಕೈ ಜೋಡಿಸಬಾರದು. ಇದು ಹೇಗೆ? ನಿಜವಾಗಿಯೂ ಕೇಳುತ್ತಿದ್ದೇನೆ.

ಕೀಬೋರ್ಡ್ ಹಾಸನ:

ಸ್ಲೇಯರ್ ಯಾರ ಪ್ರಾರ್ಥನೆಯೂ ಅಲ್ಲ. ಅಲ್ಲಿ ನಾನು ಬರೀ ಕೇಳುವವನು. ದೇವಿಯ ಹಾಡು ಅಲ್ಲಿ ಕೂತ ಸಾವಿರ ಜನರ ಪ್ರಾರ್ಥನೆ. ನಂಬಿಕೆ ಇಲ್ಲದ ನಾನು ಅದನ್ನು ನಡೆಸಿಕೊಡುವುದು ಅವರಿಗೇ ಅಗೌರವ ಅನ್ನಿಸುತ್ತದೆ. ನಮ್ಮ ಪೂಜೆಯಲ್ಲಿ ನಂಬಿಕೆ ಇಲ್ಲದವರು ಬಂದು ನುಡಿಸಿದರೆ ನನಗೂ ಕಸಿವಿಸಿ ಆಗುತ್ತದೆ.

ಸಂಡೇ ಸ್ಕೂಲ್ ಅಕ್ಕ:

ಹಾಗಾದರೆ ವಾನ್ ವಿಲಿಯಮ್ಸ್ ಧಾಟಿಗೂ ಕಸಿವಿಸಿ ಆಗಬೇಕಲ್ಲ?

ಕೀಬೋರ್ಡ್ ಹಾಸನ:

ಅದಕ್ಕೆ ಉತ್ತರ ಹುಡುಕುತ್ತಿದ್ದೇನೆ ಅಕ್ಕ.

ರಿದಂ ಪ್ಯಾಡ್:

ಅವರಿಗೆ ಅಗೌರವ ಅಂತ ನೀವೇ ತೀರ್ಮಾನ ಮಾಡಬೇಡಿ. ಪೆಂಡಾಲಿನವರಿಗೆ ನನ್ನ ಹೆಸರು ಗೊತ್ತು, ಯಾವ ಚರ್ಚ್ ಅಂತಲೂ ಗೊತ್ತು. ಗೊತ್ತಿದ್ದೇ ಪ್ರತಿ ವರ್ಷ ಕರೆಯುತ್ತಾರೆ. ಬೇಕಾದರೆ ನೀವೇ ಬಂದು ಅವರನ್ನೇ ಕೇಳಿ. ರಿಹರ್ಸಲ್ ಶನಿವಾರ ಸಂಜೆ, ಸಿನಿಮಾ ಹಾಡಿನಿಂದಲೇ ಶುರು ಮಾಡೋಣ. ದೇವಿ ಹಾಡಿನ ವಿಷಯ ಅಲ್ಲೇ ಕೂತು ಮಾತಾಡೋಣ.